ಹತ್ತೊಂಬತ್ತನೇ ಹಾಳೆ

ಅರಸೀಕೆರೆ
ಭಾನುವಾರ, 4 ಆಗಸ್ಟ್ 2024

ಗಾನೂ,

ನಿನಗೆ ಅಮ್ಮನ ಆಶೀರ್ವಾದ. ದಿನಾ ಫೋನ್ ಮಾಡುವವಳು ಇದ್ದಕ್ಕಿದ್ದಂತೆ ಕಾಗದ ಬರೆದು ಅದರ ಫೋಟೊ ಕಳಿಸುತ್ತಾಳಲ್ಲ ಎಂದು ನಗಬೇಡ. ಇದನ್ನು ಹೇಳಲೆಂದೇ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಬುಧವಾರ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಮಕ್ಕಳ ಮನಸ್ಸಿನ ಆರೋಗ್ಯದ ನಿಮ್ಮ ಪ್ರಶ್ನಾವಳಿಯನ್ನು ಈ ವಯಸ್ಸಿನವರಲ್ಲಿ ನಂಬಬಹುದೇ ಎಂದು ನೋಡಲು ಹದಿನೈದು ದಿನ ಬಿಟ್ಟು ಎರಡು ಸಲ ಬರೆಸಿದಿರಿ. ಬೇರೆ ಶಾಲೆಗಳ ಉತ್ತರ ಹೆಚ್ಚುಕಡಿಮೆ ಹೊಂದುತ್ತವೆ, ಜಾವಗಲ್ಲಿನ ನನ್ನ ಒಂಬತ್ತನೇ ತರಗತಿಯದು ಮಾತ್ರ ತಾಳಮೇಳವಿಲ್ಲ ಎಂದೆ. ಅದರಲ್ಲೂ ಹತ್ತೊಂಬತ್ತನೇ ನಂಬರಿನ ಹಾಳೆ. ಮೊದಲ ಸಲ ಎಲ್ಲದಕ್ಕೂ ‘ಇಲ್ಲವೇ ಇಲ್ಲ’. ಎರಡನೇ ಸಲ, ಬದುಕಿರುವುದೇ ಬೇಡ ಎನಿಸಿದೆಯೇ ಎಂಬ ಪ್ರಶ್ನೆಗೂ ‘ಪ್ರತಿದಿನ’. ತಮಾಷೆಗೆ ಗೀಚಿದ್ದರೂ ವಿಚಾರಿಸಬೇಕು, ಆ ಮಗು ಯಾರು ಗೊತ್ತೇನಮ್ಮ ಎಂದು ನೀನು ಕೇಳಿದೆ. ಹೆಸರೇ ಬರೆಸಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು ಎಂದು ನಾನಂದೆ.

ಸುಳ್ಳು ಹೇಳಿದೆ.

ಮಕ್ಕಳಿಂದಲೇ ಚೀಟಿ ಎತ್ತಿಸಿ ನಂಬರು ಕೊಡಿ, ಯಾರದು ಯಾವುದೆಂದು ಯಾರಿಗೂ ತಿಳಿಯಬಾರದು ಎಂದು ನಿಮ್ಮ ತಂಡದ ಮೇಘಶ್ರೀ ಹೇಳಿಯೇ ಹೋಗಿದ್ದಳು. ನಾನು ಹಾಜರಿ ಪುಸ್ತಕ ತೆಗೆದು ಅದೇ ಕ್ರಮದಲ್ಲಿ ಕೊಟ್ಟೆ. ಮೂವತ್ತು ವರ್ಷದ ಚಾಳಿ. ನಮ್ಮ ಶಾಲೆಯ ಮಕ್ಕಳಿಗೇನು ಕಮ್ಮಿ, ಚೆನ್ನಾಗಿ ಬರೆಯಿರಿ ಎಂದು ಬೇರೆ ಹೇಳಿದೆ. ಟೆಸ್ಟ್ ಪೇಪರಿನ ಹಾಗೆ ಒಂದೊಂದನ್ನೂ ಓದುತ್ತಲೇ ಈಸಿಕೊಂಡೆ. ಹತ್ತೊಂಬತ್ತನೆಯವಳು ಯಾವುದೋ ಗುರುತನ್ನು ರಬ್ಬರಿನಿಂದ ಅಳಿಸುತ್ತಿದ್ದಳು. ಬೇಗ ಬೇಗ ಎಂದು ಗದರಿದೆ.

ಎರಡನೇ ಸಲ ನಾನು ಜ್ವರವೆಂದು ರಜೆಯಲ್ಲಿದ್ದೆ. ಮೇಘಶ್ರೀಯೇ ಅದೇ ನಂಬರು ಹಾಕಿಸಿ ಬರೆಸಿ, ಮಡಚಿದ ಹಾಳೆಗಳನ್ನು ಚೀಲಕ್ಕೆ ಹಾಕಿಸಿಕೊಂಡಳು. ನಾನಿಲ್ಲದ ದಿನ ಮಕ್ಕಳು ನಿಜ ಬರೆದವು.

ಅವಳ ಹೆಸರು ಸಿರಿ, ಮೂರನೇ ಬೆಂಚು. ಗುರುವಾರ, ಶುಕ್ರವಾರ ಪಾಠ ಮಾಡುತ್ತ ಅವಳನ್ನೇ ನೋಡಿದೆ. ನೋಡಿದಾಗಲೆಲ್ಲ ನಗುತ್ತಿದ್ದಳು. ಬಸ್ಸಿನಲ್ಲೂ ಅಡುಗೆಮನೆಯಲ್ಲೂ ಆ ನಗು ನನ್ನನ್ನು ಬಿಡಲಿಲ್ಲ. ಹೇಳಿಬಿಡೋಣವೆಂದರೆ, ನಿನ್ನ ಎರಡು ವರ್ಷದ ಕೆಲಸ ಕೆಡಿಸಿದವಳು ನಾನೇ ಎಂದು ಒಪ್ಪಬೇಕು. ಮಗಳ ಮುಂದೆ ಸಣ್ಣವಳಾಗಲು ನಾಚಿಕೆಯಾಯಿತು. ನಿನ್ನೆ ಹಾಜರಿ ಕೂಗುವಾಗ ಹತ್ತೊಂಬತ್ತು ಎಂದೆ. ಮೂರನೇ ಬೆಂಚಿನಲ್ಲಿ ಅವಳ ಜಾಗ ಖಾಲಿ. ಮತ್ತೆ ಕೂಗಿದೆ. ಮಕ್ಕಳೆಲ್ಲ ನನ್ನ ಮುಖ ನೋಡಿದರು.

ನೀನು ಹತ್ತನೇ ತರಗತಿಯಲ್ಲಿದ್ದಾಗ ಒಂದು ತಿಂಗಳು ಬಾಗಿಲು ಹಾಕಿಕೊಂಡೇ ಇರುತ್ತಿದ್ದೆಯಲ್ಲ. ನಾನು ಹೊರಗೆ ನಿಂತು, ಚೆನ್ನಾಗಿದ್ದೀಯ ತಾನೇ ಎಂದು ಕೇಳುತ್ತಿದ್ದೆ. ನೀನು ಹ್ಞೂಂ ಎನ್ನುತ್ತಿದ್ದೆ. ಅಷ್ಟಕ್ಕೇ ಸಮಾಧಾನವಾಗಿ ನಾನು ಒಗ್ಗರಣೆ ಹಾಕಲು ಹೋಗುತ್ತಿದ್ದೆ. ಆ ಹ್ಞೂಂ ನಿಜವೇ ಎಂದು ಒಮ್ಮೆಯೂ ಕೇಳಲಿಲ್ಲ, ಗಾನೂ.

ನಿಮ್ಮ ಪ್ರಶ್ನೆಗಳಲ್ಲಿ ದೋಷವಿಲ್ಲ. ನನ್ನ ತರಗತಿಯ ಮೊದಲ ಕಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡ, ಕಾರಣ ನಾನೆಂದು ಎಲ್ಲರಿಗೂ ಹೇಳು. ನಿಮ್ಮ ತಂಡದ ಡಾಕ್ಟರಿಗೆ ಈಗಲೇ ಫೋನ್ ಮಾಡು. ನಾನು ಜಾವಗಲ್ ಬಸ್ಸಿಗೆ ಹೊರಟೆ.

ನಿನ್ನ ಅಮ್ಮ,
ಪುಷ್ಪಲತಾ

ತಾ.ಕ.: ಇದು ಎರಡನೇ ಫೋಟೊ, ಸಿರಿಯ ಮನೆಯ ಜಗುಲಿಯಿಂದ. ಇದ್ದಾಳೆ, ಗಾನೂ, ಇದ್ದಾಳೆ. ಅವಳ ತಾಯಿಗೆ ಎಲ್ಲ ಹೇಳಿದ್ದೇನೆ, ಅವರು ಅವಳ ಪಕ್ಕ ಬಿಟ್ಟು ಕದಲುತ್ತಿಲ್ಲ. ನೀವು ಬರುವವರೆಗೆ ನಾನೂ ಏಳುವುದಿಲ್ಲ. ಆ ಒಂದು ಪ್ರಶ್ನೆಯನ್ನು ನಾನೇ ಬಾಯಿಬಿಟ್ಟು ಕೇಳಿದೆ. ಅವಳು ಅದೇ ನಗು ನಕ್ಕು ನನ್ನನ್ನು ಕೇಳಿದಳು: “ಈ ಸಲ ಏನಂತ ಹೇಳ್ಬೇಕು, ಮಿಸ್?”