ಅವರು ಕಂಡ ನಾಚಿಕೆ

ಯಲಹಂಕ
೧೨-೨-೧೯೬೩

ಪ್ರೀತಿಯ ತಮ್ಮ ರಾಮಕೃಷ್ಣಪ್ಪ,

‘ಒಲ್ಲೆನೆಂದಳು ಬಾಲೆ, ಒಲಿದ ಕಣ್ಣಲ್ಲಿ...’ ನೀನು ಹೆಣ್ಣು ಪಾತ್ರ ಮಾಡುತ್ತಿದ್ದಾಗ ಹಾಡುತ್ತಿದ್ದ ಸಾಲು, ಮುಂದಿನದು ಮರೆತಿದೆ. ಒಲ್ಲೆ ಎಂದವಳ ಕಣ್ಣಲ್ಲಿ ಒಲವು ಕಂಡವರು ಯಾರು? ಅವಳನ್ನು ಕೇಳಿದರೇ? ಇರಲಿ. ನಿನ್ನ ಮಂಡಿನೋವು ಹೇಗಿದೆ? ಗುಂತಕಲ್ಲಿನ ಬಿಸಿಲಿಗೆ ಮಜ್ಜಿಗೆ ತಪ್ಪಿಸಬೇಡ. ನಾನು ಸೌಖ್ಯ, ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ.

ನನ್ನ ಬಳಿ ಇದ್ದು ಓದುತ್ತಿರುವ ನಿನ್ನ ಮಗಳು ದ್ರೌಪದಿಯನ್ನು ನೋಡಲು ಹೆಸರಘಟ್ಟದವರು ಭಾನುವಾರ ಬಂದಿದ್ದರು. ‘ಅವಳಿಗೆ ಸ್ವಲ್ಪ ನಾಚಿಕೆ ಕಲಿಸಕ್ಕ’ ಎಂದು ನೀನು ಬರೆದಿದ್ದೆಯಲ್ಲ, ಕಲಿಸಲಿಲ್ಲ. ಹುಡುಗನ ತಾಯಿ ಗೋಪಾಲಮ್ಮ ಒಪ್ಪಿಗೆಯೇ ಎಂದು ಕೇಳಿದಾಗ ಅವಳು ತಲೆಯೆತ್ತಿ, ‘ನಂಗೆ ಬೇಡ. ಬಿ.ಎಸ್ಸಿ. ಮುಗಿಸ್ಬೇಕು’ ಎಂದಳು. ಎಲ್ಲರೂ ನಕ್ಕರು. ‘ಇಂಗಂದ್ರೇನೇ ಚೆಂದ ಕಣಮ್ಮ, ಎಂಗ್ ನಾಚ್ಕೊಂತಾಳೆ ನೋಡು’ ಎನ್ನುತ್ತ ಗೋಪಾಲಮ್ಮ ಹೂ ಮುಡಿಸಿಯೇ ಬಿಟ್ಟರು. ನಾನು, ಎಂ.ಎ. ಓದಿ ಹುಡುಗಿಯರಿಗೆ ಕಾವ್ಯ ಪಾಠ ಹೇಳುವವಳು, ಬಂದವರೆದುರು ವಾದ ಮಾಡಬಾರದೆಂದು ಕಾಫಿ ತಟ್ಟೆ ಹಿಡಿದು ನಗುತ್ತ ನಿಂತಿದ್ದೆ.

ನನ್ನನ್ನು ನೋಡಲು ಬಂದ ದಿನ ನಿನಗೆ ನೆನಪಿದೆಯೇ? ಆಗ ನಿನಗೆ ಹದಿನಾಲ್ಕು. ಅಳು ತಡೆಯಲು ನಾನು ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದೆ. ಅಪ್ಪ ಅದನ್ನೇ ಒಪ್ಪಿಗೆ ಎಂದರು. ನೀನು ಅದನ್ನು ನೋಡಿಟ್ಟುಕೊಂಡು ಅಟ್ಟೂರಿನ ನಾಟಕದಲ್ಲಿ ಹಾಗೆಯೇ ಮಾಡಿದೆ. ಜನ ‘ಒನ್ಸ್ ಮೋರ್’ ಕೂಗಿ ಮೂರು ಸಲ ಕೆರೆಸಿದರು. ನಿನಗೆ ಬೆಳ್ಳಿ ಪದಕ ಬಂತು, ನನಗೆ ಆ ಮನೆಯ ಒಂಬತ್ತು ವರ್ಷ. ಏಟು ತಿಂದು ವಾಪಸು ಬಂದಾಗಲೂ, ‘ಒಪ್ಪಿಯೇ ಆದಳಲ್ಲ’ ಎಂದವನು ನೀನು.

ಮನೆಯವರಿಗೆಲ್ಲ ನನ್ನ ನೆನಪು ತಿಳಿಸು. ಮುನಿಸಿದೆ ಎಂದು ಹಾರೈಕೆಯಲ್ಲಿ ಕಡಿಮೆ ಮಾಡುವುದಿಲ್ಲ, ಚೆನ್ನಾಗಿ ಬಾಳು.

ನಿನ್ನ ಅಕ್ಕ,
ವೆಂಕಟಲಕ್ಷ್ಮಮ್ಮ

ಮರೆತೆ: ‘ಹುಡುಗಿ ಒಪ್ಪಿದ್ದಾಳೆ’ ಎಂದು ಹೆಸರಘಟ್ಟದವರು ನಿನಗೆ ತಂತಿ ಕೊಟ್ಟಿದ್ದಾರಂತೆ, ಬರುವ ಭಾನುವಾರವೇ ನಿಶ್ಚಿತಾರ್ಥವಂತೆ. ಅವಳು ಒಪ್ಪಿಲ್ಲ. ಬೇಡವೆಂದು ನೀನು ಈ ಕಾಗದ ಸಿಕ್ಕ ಕೂಡಲೇ ತಿರುಗಿ ತಂತಿ ಕೊಡು; ಹುಡುಗಿಯ ಅಪ್ಪ ಹೇಳದೆ ಅವರು ಬಿಡುವವರಲ್ಲ. ನಿನ್ನೆ ಹೋಗಿ ಹೇಳಿದ ನನಗೂ ನಕ್ಕು ಎಲೆ ಅಡಿಕೆ ಕೊಟ್ಟು ಕಳಿಸಿದರು. ದ್ರೌಪದಿ ಅವರು ನೋಡಿ ಹೋದಂದಿನಿಂದ ಕೋಣೆಯ ಚಿಲಕ ಹಾಕಿಕೊಂಡಿದ್ದಾಳೆ, ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಈಗಷ್ಟೇ ಪಕ್ಕದ ಮನೆಯ ಮುನಿಕೆಂಪಮ್ಮ ಬಾಗಿಲಲ್ಲಿ ನಿಂತು ಹೇಳಿ ಹೋದರು: ‘ಉಡ್ಗಿ ಇನ್ನೂ ಈಚೆಗ್ ಬಂದಿಲ್ವಾ? ಅಬ್ಬಾ, ನಮ್ ಕಾಲ್ದಲ್ಲೂ ಇಷ್ಟು ನಾಚ್ಕೆ ಇರ್ಲಿಲ್ಲ ಕಣಮ್ಮ.’