ಮೂರನೇ ಶಿಖರದ ಕರಡಿ

ಮಾರ್ಚ್ 14, ಬೆಳಿಗ್ಗೆ

ನಾಯಿಗಳಿಗೆ ಸೀಲ್ ಮಾಂಸ ಹಾಕಿದೆ. ಹನ್ನೊಂದೂ ತಿಂದವು. ಮೈನಸ್ ಇಪ್ಪತ್ತೆಂಟು. ಪೂರ್ವ ಗ್ರೀನ್‌ಲ್ಯಾಂಡಿಗೆಲ್ಲ ತಿಳಿ ಆಕಾಶ ಅಂತ ರೇಡಿಯೋ. ಹಿಮನದಿಯ ತಲೆಯಲ್ಲಿ ಏಳು ಶಿಖರ. ನನಗೆ ಕಂಡದ್ದು ನಾಲ್ಕು.

ಥೋರಾ ಕಿಟಕಿಯಿಂದ ಕೇಳಿದಳು, "ಏನ್ರೀ, ಮೇಲೆ ಮೋಡ ಇದ್ಯಾ?"

"ಏಳೂ ಸ್ವಚ್ಛ" ಎಂದೆ. ಮೂವತ್ತೆಂಟು ವರ್ಷದ ಸಂಸಾರ. ಹೆಂಡತಿಗೆ ಸುಳ್ಳು ಹೇಳುವುದು ಸಲೀಸಾಗಿಬಿಟ್ಟಿದೆ.

ಹತ್ತಿರದ್ದು ಕಾಣುತ್ತದೆ, ಬರೆಯಬಲ್ಲೆ. ದೂರದ್ದೆಲ್ಲ ಮಂಜು. ವಾಪಸ್ ಬರುವ ಕಣ್ಣಲ್ಲ ಎಂದಿದ್ದಾರೆ ಡಾಕ್ಟರ್. ಅಣ್ಣನಿಗೆ ಮಾತ್ರ ಗೊತ್ತು. ಊರಿಗೆ ಗೊತ್ತಾದರೆ ಬೇಟೆಗೆ ಬಿಡುವುದಿಲ್ಲ, ನಾಯಿಗಳನ್ನು ಹಂಚಿಬಿಡಬೇಕು. ಆಮೇಲೆ ನಾನ್ಯಾರು?

ಮಾರ್ಚ್ 15

ಅಣ್ಣ ಬಂದ. ಅವನಿಗೆ ಇಪ್ಪತ್ತೆರಡು, ನನಗೆ ಅರವತ್ತಮೂರು! ಒಡಹುಟ್ಟಿದ ಅಣ್ಣ ಗೆದಿಯೋನ್ ಹಿಮನದಿಯ ಬಿರುಕಿಗೆ ಬಿದ್ದು ಸತ್ತ ವರ್ಷವೇ ಹುಟ್ಟಿದವನು, ತಂಗಿಯ ಮಗಳ ಮಗ. ಅದೇ ಹೆಸರಿಟ್ಟೆವು. ಹೆಸರು ಬಂತೆಂದರೆ ನಮ್ಮಲ್ಲಿ ಮನುಷ್ಯನೂ ಬಂದ ಹಾಗೆ. ತೊಟ್ಟಿಲಲ್ಲಿದ್ದಾಗಲೂ ಅಣ್ಣ ಎಂದೇ ಕರೆದೆ. ಅವನೇನು ಕಡಿಮೆಯೇ. ಬಾಗಿಲು ತಳ್ಳಿಕೊಂಡೇ ಶುರು:

"ಏಯ್ ತಮ್ಮಾ, ಇನ್ನೂ ಬೂಟ್ ಹಾಕ್ಕೊಂಡಿಲ್ವಾ? ಕಾಫಿ ಎಲ್ಲೋ?"

"ಬಂದೆ ಅಣ್ಣಾ."

ಥೋರಾ ನಕ್ಕೂ ನಕ್ಕೂ ಸುಸ್ತು.

ಮಾರ್ಚ್ 18, ಹಿಮನದಿಯ ಮೇಲೆ, ಗುಡಾರ

ಬರೆಯಲೇಬೇಕು. ಬೆರಳು ಮರಗಟ್ಟಿದರೂ ಸರಿ.

ಅಣ್ಣ ಬೆನ್ನು ತಿರುಗಿಸಿ ನಾಯಿಗಳ ಹಗ್ಗದ ಸಿಕ್ಕು ಬಿಡಿಸುತ್ತಿದ್ದ. ನಾನು ಸುಮ್ಮನೆ ಶಿಖರಗಳ ಕಡೆ ಮುಖ ಮಾಡಿ ಕೂತಿದ್ದೆ. ಮೂರನೇ ಶಿಖರದ ಬುಡ. ಬಿಳುಪಿನಲ್ಲಿ ಒಂದು ಹಳದಿ ಕಲೆ... ಕಲೆ ಜರುಗಿತು.

"ಅಣ್ಣಾ, ಕರಡಿ!"

"ಹೋಗೋ. ನಿಂಗೆಲ್ಲಿ ಕಾಣತ್ತೆ?"

"ಮೂರನೇದರ ಬುಡದಲ್ಲಿ. ದುರ್ಬೀನು ಹಾಕಿ ನೋಡು."

ನೋಡಿದ. "ಹೌದಲ್ವೋ ಕಳ್ಳಾ!"

ಎರಡೂ ಗುಂಡು ಅವನವು. ಕರಡಿ ನನ್ನದು. ಮೊದಲು ಕಂಡವನದೇ ಕರಡಿ, ಹೊಡೆದವನದಲ್ಲ. ಅಜ್ಜಂದಿರ ಕಾಲದಿಂದ ಹಾಗೇ. ಈ ಕಣ್ಣಲ್ಲಿ! ಸಂತೋಷಕ್ಕೆ ಅತ್ತೇಬಿಟ್ಟೆ.

ಮಾರ್ಚ್ 19

ಇಳಿಯುವಾಗ ಜಾರುಬಂಡಿ ನಾನೇ ಹೊಡೆದೆ. ಬಿರುಕು ಕಾಣಲಿಲ್ಲ. ದಾರಿ ಹಿಡಿಯುವ ಮುಂದಿನ ನಾಯಿ ತಾನಾಗಿ ತಿರುಗಿತು — ಇಲ್ಲದಿದ್ದರೆ ಇಬ್ಬರೂ ಇಲ್ಲ. ಅಣ್ಣ ಊರು ಸೇರುವವರೆಗೆ ಬಂಡಿಯ ಅಂಚು ಬಿಡದೆ ಹಿಡಿದಿದ್ದ. ಹೆದರಿದ್ದಾನೆ, ಹುಡುಗ.

ಮಾರ್ಚ್ 20

ಕರಡಿ ಸಿಕ್ಕ ಖುಷಿಯ ಕಾಫಿಗೆ ಊರೆಲ್ಲ ನಮ್ಮ ಮನೆಗೆ ಬಂತು. ಥೋರಾ ಎರಡು ಕೇಕ್ ಮಾಡಿದ್ದಳು. ಹಿರಿಯ ಬೇಟೆಗಾರ ಸಕೇಯುಸ್ ಪದ್ಧತಿಯಂತೆ ಕೇಳಿದ, "ಮೊದ್ಲು ಕಂಡಿದ್ಯಾರಪ್ಪಾ?"

ಬಾಯಿ ತೆರೆದೆ.

"ನಾನು" ಎಂದ ಅಣ್ಣ.

ತಮಾಷೆ ಅಂದುಕೊಂಡೆ.

"ಇವನಿಗೆಲ್ಲಿ ಕಾಣತ್ತೆ? ಎರಡು ವರ್ಷದಿಂದ ಕಣ್ಣೇ ಇಲ್ಲ. ನಿನ್ನೆ ಬಂಡೀನ ಸೀದಾ ಬಿರುಕಿಗೇ ನುಗ್ಗಿಸ್ತಿದ್ದ."

ಥೋರಾ ಮೆಲ್ಲಗೆ, "ಏಳೂ ಸ್ವಚ್ಛ ಅಂದಿದ್ರಲ್ಲಾ..."

"ಕಂಡದ್ದು ನಾನೇ!" ಕಿರುಚಿದೆ. ಸಕೇಯುಸ್ ನನ್ನ ಭುಜ ತಟ್ಟಿದ. "ಆಯ್ತಪ್ಪಾ, ಆಯ್ತು. ಕೇಕ್ ತಿನ್ನು." ಒಬ್ಬರೂ ನಂಬಲಿಲ್ಲ.

ಮಾರ್ಚ್ 21

ದ್ರೋಹಿ.

ಮಾರ್ಚ್ 29

ನಾಯಿಗಳು ಹೋದವು. ಮೂರು ಮನೆಗೆ ಹಂಚಿದರು. ಮುಂದಿನ ನಾಯಿ ಸಕೇಯುಸನ ಅಂಗಳದಲ್ಲಿದೆ. ನಾನು ಕೆಮ್ಮಿದರೆ ಅಲ್ಲಿಂದಲೇ ಊಳಿಡುತ್ತದೆ.

ಅಂಗಡಿಯ ಆಚೆ ಬದಿಯಿಂದ ಅವನು ಕೂಗಿದ. "ಏನು ಗೆದಿಯೋನ್" ಎಂದೆ. ಬರೀ ಹೆಸರು. ಅವನು ಹುಟ್ಟಿದ ಮೇಲೆ ಇದೇ ಮೊದಲು. ಅವನ ಮುಖ ಸಣ್ಣದಾಯಿತಂತೆ, ಥೋರಾ ಹೇಳಿದಳು. ನನಗೆ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಏಪ್ರಿಲ್ 5, ಮಧ್ಯಾಹ್ನ

ಬಾಗಿಲಾಚೆ ನಿಂತಿದ್ದಾನೆ. ಬೀಗವಿಲ್ಲದ ಬಾಗಿಲು. ಎಂದೂ ಬಡಿಯದವನು ಇವತ್ತು ಬಡಿಯುತ್ತಿದ್ದಾನೆ. ಅಂದದ್ದನ್ನು ಅಂದ ಹಾಗೇ ಬರೆದಿಡುತ್ತೇನೆ.

"ಕರಡಿ ಕಂಡಿದ್ದು ನೀನೇ. ನಂಗೊತ್ತಿಲ್ವಾ?"

"ಮತ್ತೆ ಅವತ್ತು ಯಾಕೆ ಬೊಗಳಲಿಲ್ಲ?"

"ಕರಡಿ ನೀನೇ ಕಂಡೆ ಅಂದಿದ್ರೆ, ನಿಂಗೆ ಕಣ್ಣಿಲ್ಲ ಅನ್ನೋದನ್ನ ಯಾರು ನಂಬ್ತಿದ್ರು? ಮತ್ತೆ ಬಂಡಿ ಕಟ್ತಿದ್ದೆ."

ಬರೆಯುತ್ತಿದ್ದೇನೆ. ಮತ್ತೆ ಅವನೇ:

"ಆ ಬಿರುಕಿಗೆ ಒಂದ್ಸಲ ನಾನು ಬಿದ್ದಿದ್ದು ಸಾಲ್ದಾ, ತಮ್ಮಾ?"

ಇದು ಇಪ್ಪತ್ತೆರಡರ ಹುಡುಗನ ಮಾತಲ್ಲ. ಇರಲಿ, ಆದರೂ ಕರಡಿ ನನ್ನದು. ನನ್ನ ಕೊನೆಯದು. ಊರಿಗೆ ಅದು ಇನ್ನು ಎಂದೂ ಗೊತ್ತಾಗುವುದಿಲ್ಲ. ಇದನ್ನು ಕ್ಷಮಿಸಲಾರೆ.

"ತಮ್ಮಾ, ಚಳಿ ಕಣೋ. ಕಾಫಿ ಎಲ್ಲೋ?"

ಏಳುವುದಿಲ್ಲ. ಹೆಸರು ಹಿಡಿದೇ ಕರೆದು ಕಳಿಸಿಬಿಡಬೇಕು. ಹೆಸರು ಬಾಯಿಗೆ ಬರುತ್ತಿಲ್ಲ. ಬರುವುದೆಲ್ಲ, "ಬಂದೆ ಅ—"