ನಿಮ್ಮ ಬಲಗಾಲು ನೋಡಿಕೊಂಡು ನುಡಿಸುತ್ತಿದ್ದೆ

ಭಾವ,

ಇದರ ಹಿಂದೆ ತೀರ್ಥರೂಪ, ಪೂಜ್ಯ ಅಂತ ಏನೂ ಹಚ್ಚಿಲ್ಲ. ಹಚ್ಚಿದ್ದರೆ ನೀವು ಹಲ್ಲಿನ ನಡುವೆ ಹಿಡಿದ ಗುಂಡುಸೂಜಿ ತೆಗೆದಿಟ್ಟು ನಗುತ್ತಿದ್ದಿರಿ. ಅಕ್ಕನ ಗಂಡ, ಕೊಟ್ಟೂರಿನ ಟೈಲರ್, ನಮ್ಮ ಬ್ಯಾಂಡಿನ ಡ್ರಮ್ಮರ್, ಎಲ್ಲದಕ್ಕೂ ನನಗೆ ಗೊತ್ತಿದ್ದದ್ದು ಇದೊಂದೇ ಶಬ್ದ. ಕೂಡ್ಲಿಗಿಯ ನನ್ನ ಗಿರಣಿಯಲ್ಲಿ ಈಗ ಕರೆಂಟ್ ಇಲ್ಲ. ಜನ ಜೋಳದ ಡಬ್ಬಿಗಳನ್ನು ಸಾಲಾಗಿಟ್ಟು ಚಹಾ ಕುಡಿಯಲು ಹೋಗಿದ್ದಾರೆ. ಮೋಟಾರು ನಿಂತ ಕೂಡಲೇ ಕಿವಿಯೊಳಗೆ ಒಂದು ಗುಂಡಿ ಬಿದ್ದ ಹಾಗಾಗುತ್ತದಲ್ಲ, ಅಂಥ ಹೊತ್ತಿನಲ್ಲೇ ನೀವು ಬರುತ್ತೀರಿ. ನೀವು ತೀರಿಕೊಂಡು ವರ್ಷ ತುಂಬಿ ಮೇಲಾಯಿತು. ಇಷ್ಟು ದಿನ ಬರೆಯದವನು ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀವು ನನ್ನಿಂದ ಮುಚ್ಚಿಟ್ಟಿದ್ದ ಒಂದು ವಿಷಯ ನನಗೆ ಗೊತ್ತಾಗಿದೆ.

ಇದೇ ಗಿರಣಿಯ ಬಾಗಿಲಿಗೆ ನೀವು ಹೆಗಲ ಮೇಲೆ ಉದ್ದನೆಯ ಚೀಲ ಹಾಕಿಕೊಂಡು ಬಂದಿದ್ದು ನೆನಪಿದೆಯೇ? ಬಂದೂಕೇನ್ರಿ ಅಂತ ಒಬ್ಬ ಮುದುಕ ಕೇಳಿದ್ದ. ಆಗ ನನ್ನ ಹೆಂಡತಿ ಗೌರಿ ಹೋಗಿ ಆರು ತಿಂಗಳೂ ಆಗಿರಲಿಲ್ಲ. ನನಗೆ ಐವತ್ತೈದು ದಾಟಿತ್ತು. ಹಗಲು ಹಿಟ್ಟು ಬೀಸುವುದು, ಸಂಜೆ ಬೀಗ ಹಾಕಿ ಖಾನಾವಳಿಗೆ ಹೋಗುವುದು, ಅಲ್ಲಿಂದ ಬಂದು ಗೋಡೆ ನೋಡುವುದು. ನೀವು ಸಮಾಧಾನದ ಒಂದು ಮಾತೂ ಆಡಲಿಲ್ಲ. ಚೀಲದಿಂದ ಆ ಬೇಸ್ ಗಿಟಾರ್ ತೆಗೆದು ಹಿಟ್ಟಿನ ಮೂಟೆಗೆ ಒರಗಿಸಿದಿರಿ. "ನಮ್ಮ ಬೇಸ್ ಬಾರಸಾ ಹುಡುಗ್ಗ ದಾವಣಗೆರ್‍ಯಾಗ ಕೆಲಸ ಸಿಕ್ಕೈತಿ. ಇದು ಸುಮ್ನ ಕುಂತೈತಿ. ನೀನೂ ಸುಮ್ನ ಕುಂತಿ. ಇಬ್ರೂ ಕೂಡ್ರಿ," ಅಂದಿರಿ. ಹಗ್ಗದಂಥ ನಾಲ್ಕು ತಂತಿ. ನನಗೆ ಸರಿಗಮದ ಗಂಧವಿಲ್ಲ. ಆದರೂ ದಪ್ಪ ತಂತಿ ಮೀಟಿದಾಗ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಮೋಟಾರಿನ ಸದ್ದೇ, ಆದರೆ ಯಾರೋ ಪಳಗಿಸಿ ತಂದದ್ದು ಅನ್ನಿಸಿತು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೊದಲ ಬಸ್ಸು. ಒಂದು ಕೈಯಲ್ಲಿ ಅಕ್ಕನಿಗೆ ಬೀಸಿದ ಹಿಟ್ಟು, ಇನ್ನೊಂದು ಹೆಗಲಿಗೆ ಗಿಟಾರ್. ನಿಮ್ಮ ಡ್ರಮ್ ಸೆಟ್ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ನಮ್ಮ ಲೀಡ್ ಗಿಟಾರಿನ ರಫೀಕನ ಮೋಟಾರ್ ವೈಂಡಿಂಗ್ ಅಂಗಡಿಯ ಅಟ್ಟದ ಮೇಲೆ. ಬ್ಯಾಂಡು ಕೂಡುತ್ತಿದ್ದದ್ದೂ ಅಲ್ಲೇ. ಕೊಟ್ಟೂರಿನ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ತಾಳವಿಲ್ಲದೆ ಹೇಗೆ ಕಲಿಯಲಿ ಅಂತ ನಾನು ಕೇಳಿದ್ದಕ್ಕೆ ನೀವು ಗದ್ದ ಎತ್ತಿ ಅಡುಗೆಮನೆ ಕಡೆ ತೋರಿಸಿದಿರಿ. ಅಕ್ಕ ರೊಟ್ಟಿ ಬಡಿಯಲು ಕೂತಿದ್ದಳು. "ಅಲ್ಲಿ ಬಾರಸಾಕತ್ತಾಳ ನೋಡು. ಆಕಿ ಕೈಗೆ ನಿನ್ನ ಬೊಟ್ಟು ಕೂಡಸು."

ಹಾಗೆ ಕಲಿತೆ ನಾನು. ಅಕ್ಕನ ಅಂಗೈ ಹಿಟ್ಟಿನ ಉಂಡೆಯ ಮೇಲೆ ಬೀಳುವುದಕ್ಕೂ ನನ್ನ ಬೆರಳು ತಂತಿ ಬಿಡುವುದಕ್ಕೂ ಕೂಡಬೇಕು. ಅಕ್ಕ ಒಳಗಿನಿಂದ ಬೈಯುತ್ತಿದ್ದಳು, ನಿಮ್ಮ ಹಾಡಿಗೆ ನಾನು ರೊಟ್ಟಿ ಬಡೀಲೋ ಹೊಟ್ಟಿಗೆ ಬಡೀಲೋ ಅಂತ. ಒಂದು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಮುಂದಿನ ಉಂಡೆ ಕೈಗೆ ತೆಗೆದುಕೊಳ್ಳುವ ತನಕ ಸದ್ದು ನಿಲ್ಲುತ್ತಿತ್ತು. ಆ ಖಾಲಿಯಲ್ಲಿ ನಾನು ದಾರಿ ತಪ್ಪದಿರಲಿ ಅಂತ ನೀವು ಬಲಗಾಲಿನಿಂದ ನೆಲ ಕುಟ್ಟುತ್ತಿದ್ದಿರಿ. ದಪ್, ದಪ್. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಬರಿಗಾಲು.

ಗುಡೇಕೋಟೆಯ ಆ ಮದುವೆ ಊಟದ ಸಂಜೆ ನಾನು ಮೊದಲ ಸಲ ಜನರ ಮುಂದೆ ನಿಂತದ್ದು. ಗಂಡಿನ ಕಡೆಯ ಹಿರಿಯರೊಬ್ಬರು ವೇದಿಕೆ ಹತ್ತಿರ ಬಂದು ಬಹಳ ಕಾಳಜಿಯಿಂದ ಕೇಳಿದರು, "ಯಜಮಾನ್ರ, ಎಲ್ಲರ ಗಿಟಾರಿಗೆ ಆರು ತಂತಿ ಅದಾವು. ನಿಮ್ವು ಎರಡು ಹರದು ಹೋಗ್ಯಾವಲ್ರಿ?" ನೀವು ಡ್ರಮ್ಮಿನ ಹಿಂದೆ ಬಗ್ಗಿ ಹೊಟ್ಟೆ ಹಿಡಿದುಕೊಂಡಿರಿ. ನಾನು ಮಾತ್ರ ನನ್ನ ತಂತಿಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದೆ. ಆಗ ನೀವು ಚಪ್ಪಲಿ ಬಿಟ್ಟು, ನೆಲದ ಮೇಲಿನ ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ ಬಲಗಾಲಿಟ್ಟು ಹೇಳಿದಿರಿ, ಜನರ ಮುಖ ನೋಡಬೇಡ, ನನ್ನ ಮುಖವನ್ನೂ ನೋಡಬೇಡ, ಕಾಲು ನೋಡು ಅಂತ. ಆಮೇಲೆ ತೆಲಿಗಿ, ನೀಲಗುಂದ, ಹರಪನಹಳ್ಳಿ ಅಂತ ಎಷ್ಟು ಕಡೆ ಹೋದೆವು. ಎದುರಿಗೆ ಯಾರು ಕೂತಿದ್ದರು ಅಂತ ಕೇಳಿದರೆ ಹೇಳಲಾರೆ. ನಿಮ್ಮ ಹೆಬ್ಬೆರಳ ಉಗುರು ಹೇಗಿತ್ತು ಅಂತ ಕೇಳಿದರೆ ಬರೆದು ತೋರಿಸುತ್ತೇನೆ.

ಹಡಗಲಿಯಲ್ಲಿ ನರ್ಸ್ ಆಗಿರುವ ನಮ್ಮ ಹಾಡುಗಾರ್ತಿ ಶಕುಂತಲಾ ಆಗಾಗ ದೂರುತ್ತಿದ್ದದ್ದು ನೆನಪಾಗುತ್ತದೆ. ಬೇರೆ ತಂಡದಲ್ಲಿ ಹಾಡಿದರೆ ಏನೂ ಆಗುವುದಿಲ್ಲ, ನಿಮ್ಮ ಜೊತೆ ಹಾಡಿದರೆ ಸಾಲಿನ ಕೊನೆಗೆ ಉಸಿರೇ ಸಾಲುವುದಿಲ್ಲ ಅನ್ನುತ್ತಿದ್ದರು. ವಯಸ್ಸಾತು ತಗೋ ನಿನಗ ಅಂತ ನೀವು ಅವರ ಬಾಯಿ ಮುಚ್ಚಿಸುತ್ತಿದ್ದಿರಿ. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದಿರಿ ಭಾವ!

ನೀವು ಹೋದ ದಿನದ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದ ಹಾಗೇ ಇದ್ದಿರಂತೆ, ಅರ್ಧ ಹೊಲಿದ ಶಾಲೆಯ ಅಂಗಿ ಹಾಗೇ... ಬೇಡ, ಅದು ಅಷ್ಟೇ.

ಆಮೇಲೂ ನಾನು ಭಾನುವಾರ ಬಿಡಲಿಲ್ಲ. ಹಿಟ್ಟು ತೆಗೆದುಕೊಂಡು ಹೋಗುತ್ತಿದ್ದೆ. ಆದರೆ ಅಕ್ಕ ರೊಟ್ಟಿ ಬಡಿಯುವುದನ್ನೇ ಬಿಟ್ಟಳು. ಒಬ್ಬಳಿಗೆ ಯಾಕೆ ಹಂಚು ಕಾಯಿಸಲಿ ಅಂತ ಅನ್ನ ಮಾಡಿಕೊಳ್ಳುತ್ತಾಳೆ. ನಾನು ಬಂದ ದಿನ ಓಣಿಯಲ್ಲಿ ಮಾರುವವರ ಹತ್ತಿರ ಒಣಗಿಸಿದ ಕಟಕ್ ರೊಟ್ಟಿ ತರಿಸುತ್ತಾಳೆ. ನಾನು ಒಯ್ದ ಹಿಟ್ಟು ಪಕ್ಕದ ಮನೆಗೆ ಹೋಗುವುದು ನನಗೆ ಗೊತ್ತಿತ್ತು, ಗೊತ್ತು ಅನ್ನುವುದು ಅವಳಿಗೂ ಗೊತ್ತಿತ್ತು. ಇಬ್ಬರೂ ಅನ್ನ ಉಣ್ಣುತ್ತಿದ್ದೆವು. ಟಿವಿ ಇರುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೆ. ಮನೆಯಲ್ಲಿ ಇಬ್ಬರಿದ್ದೂ ಇಷ್ಟು ಒಂಟಿಯಾಗಿ ಇರಬಹುದು ಅಂತ ನೀವಿದ್ದಾಗ ನನಗೆ ತಿಳಿದಿರಲಿಲ್ಲ.

ಈ ಬೇಸಿಗೆಯಲ್ಲಿ ರಫೀಕ ಬ್ಯಾಂಡನ್ನು ಮತ್ತೆ ಕೂಡಿಸಿದ. ನಿಮ್ಮ ಜಾಗಕ್ಕೆ ಹರಪನಹಳ್ಳಿಯ ಪಿ.ಟಿ. ಮಾಸ್ತರು ಬಂದಿದ್ದಾರೆ, ಬಸವರಾಜ ಅಂತ. ಒಳ್ಳೆಯವರು. ಬೂಟು ಹಾಕಿಕೊಂಡೇ ಪೆಡಲ್ ತುಳಿಯುತ್ತಾರೆ. ಆ ಬೂಟಿನಲ್ಲಿ ನನಗೆ ಏನೂ ಓದಲು ಆಗುವುದಿಲ್ಲ. ಮೊದಲ ಹಾಡಿನ ಮೊದಲ ಸಾಲು ಮುಗಿಯುವಷ್ಟರಲ್ಲಿ ನಾನು ಅವರಿಗಿಂತ ಮುಂದೆ ಹೋಗಿದ್ದೆ. ಮತ್ತೆ ಶುರು ಮಾಡಿದೆವು, ಮತ್ತೆ ಹಾಗೇ. ಸಾಲಿನ ಆರಂಭಕ್ಕೆ ಸರಿ ಇರುತ್ತೇನೆ, ಕೊನೆ ಬರುಬರುತ್ತ ಓಡುತ್ತೇನೆ. ಮಾಸ್ತರು ಕೋಲು ಕೆಳಗಿಟ್ಟು ಕೇಳಿದರು, "ಕೊಟ್ರಪ್ಪಾರೆ, ಬಸ್ಸಿಗೆ ಹೊತ್ತಾಯ್ತೇನ್ರೀ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೇ ಸಲಕ್ಕೆ ಯಾರೂ ನಗಲಿಲ್ಲ.

ಮೆಟ್ಟಿಲು ಇಳಿಯುವಾಗ ರಫೀಕ ನನ್ನ ಹಿಂದೆ ಬಂದ. ಪಾಪ, ಮಾತು ಹುಡುಕುತ್ತಿದ್ದ. ಹಡಗಲಿಯಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡಾಗಿದೆ, ಬೇಸನ್ನು ಸದ್ಯಕ್ಕೆ ಕೀಬೋರ್ಡಿನ ಹುಡುಗನೇ ಹಾಕಿಕೊಂಡರೆ ಹೇಗೆ ಅಂದ. "ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾರ. ಫೋನಿನಾಗ ತಾಳದ ಟಿಕ್ ಟಿಕ್ ಹಚ್ಚಿಕೊಂಡು ಸ್ವಲ್ಪ ದಿನ ಬಾರಸ್ರಿ. ಆಮ್ಯಾಲೆ ನೋಡೂಣು." ಅವನೇ ಫೋನಿಗೆ ಅದನ್ನು ಹಾಕಿಕೊಟ್ಟ. ಗಿರಣಿ ಬಾಗಿಲು ಮುಚ್ಚಿ ಅದರ ಜೊತೆ ಕೂತೆ. ಆ ಟಿಕ್ ಟಿಕ್‌ಗೆ ದಯೆ ಅನ್ನುವುದಿಲ್ಲ ಭಾವ. ಪ್ರತಿ ಸಾಲಿನ ಕೊನೆಗೂ ನಾನು ಮೊದಲೇ ಹೋಗಿ ಬಾಗಿಲಲ್ಲಿ ನಿಂತು ಅದು ಬರುವುದನ್ನು ಕಾಯುತ್ತಿದ್ದೆ.

ಅವತ್ತಿನಿಂದ ಒಂದೇ ಯೋಚನೆ. ನನಗೆ ನುಡಿಸಲು ಬರುತ್ತಿತ್ತೇ? ಅಥವಾ ಇಷ್ಟು ವರ್ಷ ನೀವು ನನ್ನನ್ನು ಕಾಲ ಮೇಲೆ ಕೂರಿಸಿಕೊಂಡು ದಾಟಿಸಿದಿರಾ? ನೀವಿಲ್ಲದೆ ಬಾರದ ವಿದ್ಯೆ ನನ್ನದು ಹೇಗಾದೀತು? ಗೌರಿ ಹೋದಾಗ ಇದೊಂದು ಕೈಗೆ ಸಿಕ್ಕಿತ್ತು. ನೀವು ಹೋದಾಗ ಇದೂ ಹೋಗುವುದಾದರೆ ಸಂಜೆ ಬೀಗ ಹಾಕಿದ ಮೇಲೆ ನಾನು...

ಹೋದ ಭಾನುವಾರ ಗಿಟಾರನ್ನು ಕೊಟ್ಟೂರಿಗೆ ಒಯ್ದೆ, ಬಿಟ್ಟು ಬರುವುದಕ್ಕೆ. ನಿಮ್ಮ ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿ ಅಕ್ಕನಿಗೆ ಎಲ್ಲ ಹೇಳಿದೆ. ಮಾಸ್ತರ ಮಾತು, ರಫೀಕನ ಮಾತು, ಟಿಕ್ ಟಿಕ್. ನನ್ನಿಂದ ಆಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡು ಅಂದೆ. ಅಕ್ಕ ಸೆರಗಿನಿಂದ ಗಿಟಾರಿನ ಧೂಳು ಒರೆಸಿದಳು. "ಓಡತೀ ಅಂತಾರ? ಎಲ್ಲಿ ಓಡತೀ?" ಅಂತ ಕೇಳಿದಳು. ಸಾಲಿನ ಕೊನೆಗೆ ಅಂದೆ. ಅವಳು ನಾನು ತಂದ ಹಿಟ್ಟಿನ ಚೀಲ ಎತ್ತಿಕೊಂಡು ಒಳಗೆ ಹೋದಳು. ನೀರು ಕುದಿಯಲು ಇಟ್ಟ ಸದ್ದು. ಹಂಚು ತೊಳೆದ ಸದ್ದು.

ಮತ್ತೆ ಆ ಸದ್ದು ಬಂತು ಭಾವ. ವರ್ಷದ ಮೇಲೆ.

ಹೊರಗೆ ಕೂತು ಕೇಳಿದೆ. ಉಂಡೆ ಸಣ್ಣದಿದ್ದಾಗ ಅಂಗೈ ನಿಧಾನವಾಗಿ, ಭಾರವಾಗಿ ಬೀಳುತ್ತದೆ. ರೊಟ್ಟಿ ಅಗಲವಾದಂತೆ ಹರಿಯದಿರಲಿ ಅಂತ ಕೈ ಹಗುರಾಗುತ್ತದೆ, ತಿರುಗಿಸುತ್ತ ತಿರುಗಿಸುತ್ತ ಜೋರಾಗುತ್ತದೆ, ಅಂಚಿಗೆ ಬಂದಾಗ ಓಡುತ್ತದೆ. ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ನನ್ನ ಓಟ ಅಲ್ಲಿತ್ತು, ಅಕ್ಕನ ಅಂಗೈಯಲ್ಲಿ. ನಾನು ಕಲಿತ ತಾಳವೇ ರೊಟ್ಟಿಯದು. ಪ್ರತಿ ಸಾಲಿನಲ್ಲೂ ಒಂದು ರೊಟ್ಟಿ ಬಡಿದು ಮುಗಿಸುತ್ತಿದ್ದೆ.

ಅಕ್ಕ ತಲೆ ಎತ್ತಲಿಲ್ಲ. ಬಡಿಯುತ್ತಲೇ ಹೇಳಿದಳು. "ನಿಮ್ಮ ಭಾವಗ ಮೊದಲೇ ಗೊತ್ತಾಗಿತ್ತು ತಮ್ಮಾ. ನೀ ಇಲ್ಲದಾಗ ಒಬ್ರ ಇಲ್ಲಿ ಕುಂತು, ನಾ ರೊಟ್ಟಿ ಬಡದಂಗ ಕಾಲು ಕುಟ್ಟತಿದ್ರು. ಯಾಕ್ರಿ ಅಂದ್ರ, ನಿನ್ನ ತಮ್ಮಗ ಓಡೋದು ಕಲಿಸೀಯಲ್ಲ, ಅವನ ಜೋಡಿ ನಾನೂ ಓಡೋದು ಕಲೀಬೇಕು ಅಂದ್ರು. ಅವಗ ಹೇಳ್ರಿ ಅಂದೆ. ಬ್ಯಾಡ, ಈಗ ಹೇಳಿದ್ರ ಕೈ ಬಿಡತಾನ, ಹಂಗ ಇರ್ಲಿ ಅಂದ್ರು."

ನಾನು ನಿಮ್ಮ ಕಾಲು ನೋಡಿಕೊಂಡು ನುಡಿಸುತ್ತಿದ್ದೆ ಅಂದುಕೊಂಡಿದ್ದೆ. ನಿಮ್ಮ ಕಾಲು ನನ್ನ ಕೈ ನೋಡಿಕೊಂಡು ಬೀಳುತ್ತಿತ್ತು. ನೆಟ್ಟಗೆ ತಾಳ ಹಿಡಿಯುವ ಮನುಷ್ಯ ನೀವು, ಒಬ್ಬ ದಡ್ಡ ಭಾವಮೈದುನ ಕೈ ಬಿಡಬಾರದು ಅಂತ ಇಡೀ ಬ್ಯಾಂಡನ್ನೇ ಓಡಿಸಿದಿರಿ. ಪಾಪದ ಶಕುಂತಲಾಗೆ ವಯಸ್ಸಾಯಿತು ಅಂದಿರಿ. ಒಂದು ಸಲ ನನಗೆ ಹೇಳಬಹುದಿತ್ತಲ್ಲ? ಆದರೆ ನಿಜ, ಆಗ ಹೇಳಿದ್ದರೆ ನಾನು ಖಂಡಿತ ಬಿಟ್ಟುಬಿಡುತ್ತಿದ್ದೆ.

ಗಿಟಾರನ್ನು ಅಲ್ಲಿ ಬಿಟ್ಟು ಬರಲಿಲ್ಲ. ಈಗ ದಿನಾ ಫೋನಿನ ಟಿಕ್ ಟಿಕ್ ಮುಂದೆ ಕೂರುತ್ತೇನೆ. ಸಾಲಿನ ಕೊನೆ ಹತ್ತಿರ ಬಂದು ಕೈ ಓಡಲು ಹೊರಟಿತು ಅನ್ನುವಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಉಂಡಿ ಇನ್ನೂ ಸಣ್ಣದೈತಿ, ಉಂಡಿ ಇನ್ನೂ ಸಣ್ಣದೈತಿ ಅಂತ. ಕೈ ನಿಲ್ಲುತ್ತದೆ. ಎಲ್ಲ ಸಲ ಅಲ್ಲ. ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಹಾಡು ಮಾಸ್ತರ ಜೊತೆ ದಡ ಮುಟ್ಟಿದೆ. ಮೂರನೆಯದರಲ್ಲಿ ಅಂಚಿಗೆ ಬಂದು ಜಾರಿದೆ. ರಫೀಕ ಕೀಬೋರ್ಡಿನವನ ಕಡೆ ನೋಡಿ, ಬೇಸ್ ನೀನು ಹಾಕೋದು ಬ್ಯಾಡ, ಅಣ್ಣಾರ ಬರ್ತಾರ ಅಂದ. ಅಂದರೆ ಹಡಗಲಿಗೆ ಹೋಗುತ್ತಿದ್ದೇನೆ. ಶಕುಂತಲಾ ಹಾಡು ಮುಗಿಸಿ ಎದೆ ಮೇಲೆ ಕೈಯಿಟ್ಟುಕೊಂಡು ಹೇಳಿದರು, ಇವತ್ತು ಉಸಿರು ಮಿಕ್ಕೈತಿ ನೋಡ್ರಿ ಅಂತ. ನಿಮ್ಮ ನೆನಪು ಅಟ್ಟದ ಮೇಲೆ ಎಲ್ಲರಿಗೂ ಒಟ್ಟಿಗೆ ಬಂದಿತ್ತು.

ಇವತ್ತು ಬೆಳಿಗ್ಗೆ ಕೊಟ್ಟೂರಿಗೆ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ. ಅಕ್ಕ ರೊಟ್ಟಿಗೆ ಕೂತಳು, ನಾನು ಹೊರಗೆ ನಿಮ್ಮ ಜಾಗದ ಎದುರು ಕೂತೆ. ಹೊಸದಾಗಿ ಕಲಿತ ನೆಟ್ಟನೆಯ ತಾಳ ತೋರಿಸೋಣ ಅಂತ ಶುರು ಮಾಡಿದೆ. ಅರ್ಧ ರೊಟ್ಟಿಗೇ ಅವಳು ಕೈ ನಿಲ್ಲಿಸಿದಳು. "ಹಡಗಲ್ಯಾಗ ಹಂಗ ಬಾರಸು. ಇಲ್ಲಿ ಬ್ಯಾಡ." ಅಷ್ಟೇ ಅಂದಳು. ನಾನು ಮೊದಲಿನ ಹಾಗೇ ಅವಳ ಜೊತೆ ಓಡಿದೆ.

ರೊಟ್ಟಿ ಹಂಚಿಗೆ ಬಿತ್ತು. ಅವಳು ನೀರು ಸವರುತ್ತಿದ್ದಳು. ನನ್ನ ಬೆರಳು ತಂತಿಯ ಮೇಲೆ ನಿಂತಿತ್ತು. ನೀವು ನೆಲ ಕುಟ್ಟುತ್ತಿದ್ದ ಹೊತ್ತು ಅದು. ನಾನು ಕಾಲು ಎತ್ತಬಹುದಿತ್ತು, ಎತ್ತಲಿಲ್ಲ. ಒಳಗೆ ಅಕ್ಕನೂ ಏನೂ ಸದ್ದು ಮಾಡಲಿಲ್ಲ. ಅಷ್ಟು ಹೊತ್ತನ್ನು ಹಾಗೇ ಬಿಟ್ಟು, ಅವಳು ಮುಂದಿನ ಉಂಡೆ ಕೈಗೆ ತೆಗೆದುಕೊಂಡ ಮೇಲೆ ಇಬ್ಬರೂ ಕೂಡಿಯೇ ಶುರು ಮಾಡಿದೆವು. ಇನ್ನು ಮುಂದೆ ಪ್ರತಿ ಭಾನುವಾರವೂ ಹೀಗೇ ಬಿಡುತ್ತೇವೆ ಭಾವ. ಆ ಜಾಗದಲ್ಲಿ ಬೇರೆ ಯಾರೂ ಕಾಲು ಕುಟ್ಟುವುದಿಲ್ಲ.

ಕರೆಂಟ್ ಬಂತು. ಜನ ಡಬ್ಬಿ ಹಿಡಿದು ಬರುತ್ತಿದ್ದಾರೆ.

ನಿಮ್ಮ ಕೊಟ್ರಾ